ಊರಿಗೆ ಏನು ಬೇಕೆಂದು ಕೇಳಿದ್ದು ಯಾರನ್ನು?

ಯಾವುದಾದರೂ ಗ್ರಾಮ ಪಂಚಾಯಿತಿಯ ನಡಾವಳಿ ಪುಸ್ತಕ ತೆಗೆದು ನೋಡಿ. ಕೊಪ್ಪಳದ್ದಿರಲಿ, ಕುಷ್ಟಗಿಯದ್ದಿರಲಿ, ಗ್ರಾಮ ಸಭೆಯ ಠರಾವುಗಳು ಬಹುತೇಕ ಒಂದೇ ಅಚ್ಚಿನವು. ಇಂಥವರ ಮನೆಯಿಂದ ಇಂಥವರ ಮನೆವರೆಗೆ ಸಿಸಿ ರಸ್ತೆ, ಇಂಥ ಓಣಿಗೆ ಚರಂಡಿ, ಅಗಸಿ ಮುಂದೆ ಹೈಮಾಸ್ಟ್ ದೀಪ, ಸಮುದಾಯ ಭವನಕ್ಕೆ ಕಾಂಪೌಂಡ್. ಇದಿಷ್ಟನ್ನೇ ಓದಿದ ಹೊರಗಿನವರಿಗೆ ಈ ಊರಿನಲ್ಲಿ ಯಾರಿಗೂ ಕಾಯಿಲೆ ಬರುವುದಿಲ್ಲ, ಯಾವ ಹುಡುಗಿಯೂ ಶಾಲೆ ಬಿಡುವುದಿಲ್ಲ, ಒಂದು ಕುಟುಂಬವೂ ಗುಳೆ ಹೋಗುವುದಿಲ್ಲ ಎಂದೇ ಅನ್ನಿಸೀತು.

ಹಾಗೆಂದು ಜನ ಸುಳ್ಳು ಹೇಳಿದ್ದಾರೆಯೇ? ಇಲ್ಲ. ಅವರಿಗೆ ಕೇಳಿದ ಪ್ರಶ್ನೆಯೇ ‘ಈ ವರ್ಷ ಯಾವ ಕೆಲಸ ಹಾಕ್ಕೊಳ್ಳೋಣ್ರಿ?’ ಎಂಬುದು. ಕೆಲಸ ಎಂದರೆ ಕಾಮಗಾರಿ, ಕಾಮಗಾರಿ ಎಂದರೆ ಸಿಮೆಂಟು. ಆ ಪ್ರಶ್ನೆಗೆ ಯಾರೂ ‘ನನ್ನ ಸೊಸೆಗೆ ರಕ್ತ ಕಡಿಮೆ, ಎರಡು ಸಲ ಬಸಿರು ಇಳಿಯಿತು’ ಎಂದು ಉತ್ತರ ಕೊಡುವುದಿಲ್ಲ. ಅಂಥ ಮಾತಿಗೆ ಸಭೆಯಲ್ಲಿ ಜಾಗವೂ ಇಲ್ಲ, ಅದಕ್ಕೆ ಅಂದಾಜುಪಟ್ಟಿ ತಯಾರಿಸುವ ಎಂಜಿನಿಯರೂ ಇಲ್ಲ.

ಊರಿನ ಅಗತ್ಯಗಳ ಸಮೀಕ್ಷೆ ಎನ್ನುವುದು ಹೊಸ ಮಾತಲ್ಲ. ಸರ್ಕಾರ ಮಾಡುತ್ತದೆ, ಸ್ವಯಂಸೇವಾ ಸಂಸ್ಥೆಗಳು ಮಾಡುತ್ತವೆ, ಸಿಎಸ್‌ಆರ್ ಹಣ ಹಿಡಿದು ಬರುವ ಕಂಪನಿಗಳೂ ಮಾಡಿಸುತ್ತವೆ. ನಮ್ಮ ಹಳ್ಳಿಗಳಲ್ಲಿ ಸಮೀಕ್ಷೆಗೆ ಬರ ಇಲ್ಲ. ಆದರೆ ಸಮೀಕ್ಷೆಯಿಂದ ಊರು ಗಟ್ಟಿಯಾಗಬೇಕಾದರೆ ಮೂರು ಕೆಲಸ ಆಗಬೇಕು: ಸಭೆಗೆ ಬಾರದವರನ್ನು ಹುಡುಕಿಕೊಂಡು ಹೋಗಿ ಕೇಳಬೇಕು, ಏನು ಬೇಕು ಎನ್ನುವುದರ ಜೊತೆಗೆ ಇರುವುದು ಯಾಕೆ ಸಿಗುತ್ತಿಲ್ಲ ಎಂದೂ ಕೇಳಬೇಕು, ಸಿಕ್ಕ ಉತ್ತರವನ್ನು ಮರಳಿ ಅದೇ ಕಟ್ಟೆಗೆ ತಂದು ಓದಿ ಹೇಳಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ಉಳಿಯುವುದು ಕಡತ ಮಾತ್ರ.

ಸರಾಸರಿಯ ಹಿಂದೆ ಅಡಗಿದ ಮೂರು ಲೋಕ

ನಮ್ಮ ಜಿಲ್ಲೆಯನ್ನೇ ನೋಡಿ. ಕೊಪ್ಪಳ 1997ರಲ್ಲಿ ರಾಯಚೂರಿನಿಂದ ಬೇರೆಯಾಗಿ ಜಿಲ್ಲೆಯಾದಾಗ ಇದ್ದದ್ದು ನಾಲ್ಕು ತಾಲೂಕು: ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ. ಆಮೇಲೆ ಕನಕಗಿರಿ, ಕಾರಟಗಿ, ಕುಕನೂರು ಸೇರಿ ಏಳಾದವು. ಆದರೂ ಜಿಲ್ಲೆಯ ಸ್ವಭಾವ ತಿಳಿಯಲು ಹಳೆಯ ನಾಲ್ಕು ಹೆಸರು ಸಾಕು.

ಗಂಗಾವತಿ ಎಂದರೆ ಭತ್ತ. 1953ರಲ್ಲಿ ತುಂಗಭದ್ರಾ ಜಲಾಶಯದಲ್ಲಿ ನೀರು ನಿಂತ ಮೇಲೆ ಎಡದಂಡೆ ಕಾಲುವೆ ಈ ಸೀಮೆಯ ಚಹರೆಯನ್ನೇ ಬದಲಿಸಿತು. ಸೋನಾ ಮಸೂರಿ, ಅಕ್ಕಿ ಗಿರಣಿ, ನಾಟಿಗೆ ಬರುವ ಕೂಲಿಗಳ ತಂಡ, ಇದೇ ಅಲ್ಲಿನ ಬದುಕು. ಅಲ್ಲಿ ನೀರಿನ ಪ್ರಶ್ನೆ ಇಲ್ಲ ಎಂದುಕೊಂಡರೆ ತಪ್ಪು. ಕಾಲುವೆಯ ತಲೆಯಲ್ಲಿ ಎರಡು ಬೆಳೆ ತೆಗೆಯುವವನಿಗೂ ಕೊನೆ ಭಾಗದಲ್ಲಿ ಒಂದು ಬೆಳೆಗೆ ಬಾಯಿ ಬಿಡುವವನಿಗೂ ‘ನೀರಾವರಿ ರೈತ’ ಎಂಬ ಒಂದೇ ಹಣೆಪಟ್ಟಿ. ಜಲಾಶಯ ಕಟ್ಟಿದಾಗ ಅದರಲ್ಲಿ ಹಿಡಿಯುತ್ತಿದ್ದದ್ದು ಸುಮಾರು 133 ಟಿಎಂಸಿ ಅಡಿ. ಹೂಳು ತುಂಬಿ ಈಗ ಅದು 105ರ ಆಸುಪಾಸಿಗೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಕ್ರೆಸ್ಟ್ ಗೇಟ್ ಕೊಚ್ಚಿಹೋದಾಗ, ಒಂದು ಗೇಟಿನ ಮೇಲೆ ಎಷ್ಟು ಊರುಗಳ ಅನ್ನ ನಿಂತಿದೆ ಎಂಬುದು ಎಲ್ಲರಿಗೂ ಗೊತ್ತಾಯಿತು.

ಕುಷ್ಟಗಿ, ಯಲಬುರ್ಗಾದ ಕಥೆಯೇ ಬೇರೆ. ಇಲ್ಲಿ ಮಸಾರಿ ಹೊಲದಲ್ಲಿ ಸಜ್ಜೆ, ಶೇಂಗಾ. ಎರೆ ಹೊಲದಲ್ಲಿ ಬಿಳಿಜೋಳ, ಕಡಲೆ. ಮಳೆ ಬಂದರೆ ಬೆಳೆ, ಇಲ್ಲವಾದರೆ ಗುಳೆ. ಕೃಷ್ಣಾ ಮೇಲ್ದಂಡೆ ಮೂರನೇ ಹಂತದ ಕೊಪ್ಪಳ ಏತ ನೀರಾವರಿಯ ನೀರು ಹೊಲಕ್ಕೆ ಬರುತ್ತದೆ ಎಂಬ ಮಾತನ್ನು ಕೇಳುತ್ತಲೇ ಒಂದು ತಲೆಮಾರು ದಾಟಿದೆ. ಕುಡಿಯುವ ಬೋರಿನ ನೀರಲ್ಲಿ ಫ್ಲೋರೈಡ್. ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಿದರೆ ಕುಡಿಯಬಾರದು ಎನ್ನುವುದು ಮಾನದಂಡ. ದಾಟಿದ ನೀರನ್ನೇ ವರ್ಷಾನುಗಟ್ಟಲೆ ಕುಡಿದವರ ಹಲ್ಲಿನ ಮೇಲೆ ಕಂದು ಕಲೆ, ವಯಸ್ಸಿಗೆ ಮೊದಲೇ ಹಿಡಿದುಕೊಂಡ ಮೊಣಕಾಲು.

ಕೊಪ್ಪಳ ತಾಲೂಕಿನದು ಮತ್ತೊಂದು ಪಾಡು. ಜಲಾಶಯದ ಒಂದು ದಡ ಇರುವ ಮುನಿರಾಬಾದ್ ಈ ತಾಲೂಕಿನದೇ. ಗಿಣಿಗೇರಾ ಸುತ್ತ ಉಕ್ಕು, ಕಬ್ಬಿಣದ ಕಾರ್ಖಾನೆಗಳು. ‘ಉದ್ಯೋಗ ಬೇಕೇ?’ ಎಂದು ಕೇಳಿದರೆ ಅಲ್ಲಿನ ಯುವಕರು ಬೇಕು ಎನ್ನುತ್ತಾರೆ. ‘ಮಾಳಿಗೆ ಮೇಲೆ ಒಣಹಾಕಿದ ಜೋಳದ ಮೇಲೆ ಏನು ಕೂರುತ್ತದೆ?’ ಎಂದು ಅವರ ತಾಯಂದಿರನ್ನು ಕೇಳಿದರೆ ಕಪ್ಪು ಧೂಳು ಎನ್ನುತ್ತಾರೆ. ಎರಡೂ ಉತ್ತರ ಒಂದೇ ಮನೆಯವು. 2025ರ ಫೆಬ್ರುವರಿಯಲ್ಲಿ ಹೊಸ ಉಕ್ಕಿನ ಕಾರ್ಖಾನೆ ವಿರೋಧಿಸಿ ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿಯವರ ಮುಂದಾಳತ್ವದಲ್ಲಿ ಕೊಪ್ಪಳ ಬಂದ್ ಆಗಿ ಸಾವಿರಾರು ಜನ ಬೀದಿಗೆ ಬಂದದ್ದು ಇದೇ ಕಾರಣಕ್ಕೆ. ಮೊದಲೇ ಕೂತು ಕೇಳಬೇಕಾದ ಪ್ರಶ್ನೆಯನ್ನು ಕೇಳದೇ ಬಿಟ್ಟರೆ ಉತ್ತರ ಬೀದಿಯಲ್ಲೇ ಬರುತ್ತದೆ.

ಇಂಥ ಜಿಲ್ಲೆಗೆ ಒಂದು ಸರಾಸರಿ ಹಾಕಿದರೆ ಏನು ಕಾಣುತ್ತದೆ? 2011ರ ಜನಗಣತಿ ಪ್ರಕಾರ ಕೊಪ್ಪಳ ಜಿಲ್ಲೆಯ ಸಾಕ್ಷರತೆ ಶೇ 68. ಪರವಾಗಿಲ್ಲ ಎನ್ನಬಹುದು. ಬಿಡಿಸಿ ನೋಡಿದರೆ ಗಂಡಸರದು ಶೇ 78ಕ್ಕೂ ಹೆಚ್ಚು, ಹೆಂಗಸರದು ಶೇ 58ಕ್ಕೂ ಕಡಿಮೆ. ಜಿಲ್ಲೆಯ ಸರಾಸರಿಯಲ್ಲಿ ಈ 20ಕ್ಕೂ ಹೆಚ್ಚು ಅಂಕಗಳ ಅಂತರ ಮುಚ್ಚಿಹೋಗುತ್ತದೆ.

ತಾಲೂಕು ಮಟ್ಟದಲ್ಲಿ ಬಿಡಿಸಿ ನೋಡುವ ದೊಡ್ಡ ಪ್ರಯತ್ನ ಕರ್ನಾಟಕದಲ್ಲಿ ಆದದ್ದು ಡಿ.ಎಂ. ನಂಜುಂಡಪ್ಪ ಸಮಿತಿಯಿಂದ. 2002ರಲ್ಲಿ ಬಂದ ಅದರ ವರದಿ 35 ಸೂಚಕಗಳನ್ನು ಹಿಡಿದು ರಾಜ್ಯದ ತಾಲೂಕುಗಳನ್ನು ಅಳೆದು, 114 ತಾಲೂಕುಗಳು ಹಿಂದುಳಿದಿವೆ ಎಂದಿತು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು. ಕುಷ್ಟಗಿ, ಯಲಬುರ್ಗಾ ಆ ಪಟ್ಟಿಯಲ್ಲಿದ್ದವು. ವಿಶೇಷ ಅಭಿವೃದ್ಧಿ ಯೋಜನೆಗೂ, ಸಂವಿಧಾನದ 371(ಜೆ) ವಿಧಿ ಬಂದ ಮೇಲೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನ ಹಂಚಿಕೆಗೂ ಈ ವರದಿ ಆಧಾರವಾಯಿತು. 2024ರಲ್ಲಿ ಪ್ರೊ. ಎಂ. ಗೋವಿಂದ ರಾವ್ ಅಧ್ಯಕ್ಷತೆಯಲ್ಲಿ ಹೊಸ ಸಮಿತಿಯನ್ನೂ ಸರ್ಕಾರ ರಚಿಸಿತು. ಇವೆಲ್ಲ ಬೇಕು. ಯಲಬುರ್ಗಾದ ಪಾಲು ಎಷ್ಟು ಎಂದು ಬೆಂಗಳೂರನ್ನು ಕೇಳುವ ಹಕ್ಕು ಬಂದದ್ದು ಇಂಥ ಲೆಕ್ಕದಿಂದಲೇ. ಆದರೆ ಯಲಬುರ್ಗಾ ಹಿಂದುಳಿದಿದೆ ಎಂದು ಹೇಳುವ ಸೂಚಕ, ಯಲಬುರ್ಗಾದ ಒಂದು ಊರಿನಲ್ಲಿ ಯಾವ ಓಣಿ ಹಿಂದುಳಿದಿದೆ, ಆ ಓಣಿಯಲ್ಲಿ ಯಾವ ಮನೆ, ಆ ಮನೆಯಲ್ಲಿ ಯಾರು ಎಂದು ಹೇಳುವುದಿಲ್ಲ. ಅದಕ್ಕೆ ಊರಿಗೇ ಹೋಗಬೇಕು.

ಒಂದೇ ಮನೆ, ಎರಡು ನ್ಯಾಯ

ಹಾಗೆ ಮನೆಯೊಳಗೆ ಹೋಗಿ ಕೇಳಿದ ಒಂದು ಸಮೀಕ್ಷೆ ನಮ್ಮ ಜಿಲ್ಲೆಯಲ್ಲೇ ನಡೆದಿದೆ. ಆಗ ಬೆಂಗಳೂರಿನ ಐಐಎಂನಲ್ಲಿದ್ದ ಗೀತಾ ಸೇನ್, ಅವರ ಜೊತೆಗಾರರಾದ ಅದಿತಿ ಅಯ್ಯರ್, ಆಶಾ ಜಾರ್ಜ್ ಮೊದಲಾದವರು ಲಿಂಗ ಮತ್ತು ಆರೋಗ್ಯ ಸಮಾನತೆಯ ಯೋಜನೆಯಡಿ 2000ದ ದಶಕದ ಆರಂಭದಲ್ಲಿ ಕೊಪ್ಪಳ ಜಿಲ್ಲೆಯ 60 ಹಳ್ಳಿಗಳಲ್ಲಿ ಮನೆಮನೆ ಸಮೀಕ್ಷೆ ಮಾಡಿದರು. ಯಾರಿಗೆ ಕಾಯಿಲೆ ಇದೆ ಎಂದಷ್ಟೇ ಕೇಳಿ ಎದ್ದು ಬರಲಿಲ್ಲ. ಯಾರಿಗೆ ಚಿಕಿತ್ಸೆ ಶುರುವಾಯಿತು, ಯಾರದು ನಡುವೆ ನಿಂತಿತು, ಯಾರದು ಶುರುವೇ ಆಗಲಿಲ್ಲ ಎಂದು ಬಿಡಿಸಿ ಕೇಳಿದರು.

ಬಡವರಿಗೆ ಚಿಕಿತ್ಸೆ ಸಿಗುವುದಿಲ್ಲ ಎನ್ನುವುದು ಎಲ್ಲರಿಗೂ ಗೊತ್ತಿರುವ ಮಾತು. ಈ ಸಮೀಕ್ಷೆ ಅದರಾಚೆಗೆ ಹೋಯಿತು. ಕೈಯಲ್ಲಿ ಕಾಸು ಕಡಿಮೆ ಇದ್ದಾಗ ಬಡ ಮನೆ ಅದನ್ನು ಎಲ್ಲರಿಗೂ ಸಮನಾಗಿ ಹಂಚುವುದಿಲ್ಲ. ಗಂಡಸಿನ ಔಷಧಿ ಮುಂದುವರಿಯುತ್ತದೆ, ಹೆಂಗಸಿನದು ನಿಲ್ಲುತ್ತದೆ. ಎಲ್ಲರಿಗಿಂತ ಕೆಳಗೆ ಉಳಿದವಳು ಬಡ ಹೆಂಗಸು. ಬಡತನವನ್ನು ಮಾತ್ರ ಅಳೆದಿದ್ದರೆ ಇದು ಕಾಣುತ್ತಿರಲಿಲ್ಲ, ಗಂಡು ಹೆಣ್ಣೆಂದು ಮಾತ್ರ ಅಳೆದಿದ್ದರೂ ಪೂರ್ತಿ ಕಾಣುತ್ತಿರಲಿಲ್ಲ. ಮನೆಯ ಯಜಮಾನನೊಬ್ಬನನ್ನೇ ಕೇಳಿ ಫಾರಂ ತುಂಬುವ ಸಮೀಕ್ಷೆಗಳು ಇಂದಿಗೂ ಯಾಕೆ ಕುರುಡಾಗಿರುತ್ತವೆ ಎಂಬುದಕ್ಕೆ ಬೇರೆ ಪುರಾವೆ ಬೇಕಿಲ್ಲ.

ಅದೇ ತಂಡ ಮುಂದೆ ಕೊಪ್ಪಳದಲ್ಲಿ ತಾಯಂದಿರ ಸಾವುಗಳನ್ನು ಹಿಡಿದುಕೊಂಡಿತು. ಹೆರಿಗೆಯಲ್ಲಿ ಒಬ್ಬಳು ಸತ್ತರೆ ಕಾಗದದ ಮೇಲೆ ಒಂದು ಸಾಲು: ರಕ್ತಸ್ರಾವ, ಅಥವಾ ರಕ್ತಹೀನತೆ. ಇವರು ಅದೇ ಸಾವಿನ ಬಗ್ಗೆ ತವರಿನವರನ್ನು, ಗಂಡನ ಮನೆಯವರನ್ನು, ನರ್ಸಮ್ಮನನ್ನು, ಆಸ್ಪತ್ರೆಯವರನ್ನು ಬೇರೆಬೇರೆಯಾಗಿ ಕೂರಿಸಿ ಕೇಳಿದರು. ಪ್ರತಿಯೊಬ್ಬರ ಕಥೆಯೂ ಬೇರೆ. ಕುರೊಸಾವಾ ಅವರ ‘ರಾಶೋಮೋನ್’ ಸಿನಿಮಾದಲ್ಲಿ ಒಂದೇ ಘಟನೆಯನ್ನು ಒಬ್ಬೊಬ್ಬರು ಒಂದೊಂದು ರೀತಿ ಹೇಳುತ್ತಾರಲ್ಲ, ಈ ವಿಧಾನಕ್ಕೆ ಅವರು ಆ ಹೆಸರನ್ನೇ ಇಟ್ಟರು. ಎಲ್ಲ ಕಥೆಗಳನ್ನು ಅಕ್ಕಪಕ್ಕ ಇಟ್ಟಾಗ, ಎಲ್ಲಿ ತಡವಾಯಿತು, ಯಾರು ಯಾರ ಕಡೆ ಕೈ ತೋರಿಸಿ ಜಾರಿಕೊಂಡರು, ಯಾವ ಹಂತದಲ್ಲಿ ಆ ಜೀವ ಉಳಿಯಬಹುದಿತ್ತು ಎಂಬುದು ಬಯಲಿಗೆ ಬಂತು. ‘ಊರಿಗೆ ಆಸ್ಪತ್ರೆ ಬೇಕು’ ಎನ್ನುವುದು ಠರಾವಿನ ಭಾಷೆ. ‘ರಾತ್ರಿ ಹತ್ತರ ನಂತರ ಗಾಡಿ ಸಿಗುವುದಿಲ್ಲ, ಸಿಕ್ಕರೂ ಮೂರು ಆಸ್ಪತ್ರೆ ತಿರುಗಿಸುತ್ತಾರೆ’ ಎನ್ನುವುದು ಕೇಳಿದಾಗ ಸಿಗುವ ಉತ್ತರ. ಎರಡನೆಯದಕ್ಕೆ ಕಟ್ಟಡ ಬೇಡ. ಒಂದು ವಾಹನ, ಒಂದು ಫೋನ್ ನಂಬರ್, ಹೊಣೆ ಹೊರುವ ಒಬ್ಬ ಅಧಿಕಾರಿ ಬೇಕು.

ಗಂಗಾವತಿ ತಾಲೂಕಿನ ದಾನಾಪುರದ ಸಂಗತಿ ಹಲವರಿಗೆ ನೆನಪಿರಬಹುದು. 2016ರಲ್ಲಿ ಅಲ್ಲಿನ ಶಾಲಾ ಹುಡುಗಿಯೊಬ್ಬಳು ಮನೆಗೆ ಶೌಚಾಲಯ ಬೇಕೆಂದು ಊಟ ಬಿಟ್ಟು ಕೂತಳು. ಕಟ್ಟಿಸಲು ಮನೆಯಲ್ಲಿ ದುಡ್ಡಿರಲಿಲ್ಲ. ಸುದ್ದಿ ತಿಳಿದ ಗ್ರಾಮ ಪಂಚಾಯಿತಿ ಅಧ್ಯಕ್ಷರು 18 ಸಾವಿರ ರೂಪಾಯಿ ಹೊಂದಿಸಿ ವಾರದೊಳಗೆ ಕಟ್ಟಿಸಿಕೊಟ್ಟರು. ಪ್ರಧಾನಿಯವರ ‘ಮನ್ ಕೀ ಬಾತ್’ನಲ್ಲೂ ಅದು ಬಂತು. ಹುಡುಗಿಯ ಹಟವನ್ನು ಎಲ್ಲರೂ ಹೊಗಳಿದರು. ಹೊಗಳಿಕೆಯ ಜೊತೆಗೆ ಕೇಳಬೇಕಿದ್ದ ಪ್ರಶ್ನೆ ಬೇರೆ ಇತ್ತು: ವಾರದಲ್ಲಿ ಆಗುವ ಕೆಲಸಕ್ಕೆ ಒಂದು ಹುಡುಗಿ ಉಪವಾಸ ಕೂರಬೇಕಾಯಿತು ಎಂದರೆ, ಅದಕ್ಕೂ ಮೊದಲು ಆ ಮನೆಯ ಹೆಣ್ಣುಮಕ್ಕಳನ್ನು ಯಾರಾದರೂ ಕೇಳಿದ್ದರೇ?

ರಂಗೋಲಿ ಪುಡಿಯ ನಕ್ಷೆ

ಕೇಳುವುದಕ್ಕೂ ಒಂದು ಕಸುಬು ಇದೆ. 1980ರ ದಶಕದ ಕೊನೆಯಲ್ಲಿ ಕರ್ನಾಟಕದ ಮೈರಾಡ ಸಂಸ್ಥೆಯವರು, ಬ್ರಿಟನ್ನಿನ ರಾಬರ್ಟ್ ಚೇಂಬರ್ಸ್ ಅವರಂಥ ಅಧ್ಯಯನಕಾರರ ಒಡನಾಟದಲ್ಲಿ, ಜನರೇ ತಮ್ಮ ಊರನ್ನು ಅಳೆದುಕೊಳ್ಳುವ ವಿಧಾನವನ್ನು ಹದಗೊಳಿಸಿದರು. ಈಗ ಸಹಭಾಗಿ ಗ್ರಾಮೀಣ ಸಮೀಕ್ಷೆ ಎಂದು ಮೈಸೂರಿನ ಅಬ್ದುಲ್ ನಜೀರ್ ಸಾಬ್ ಸಂಸ್ಥೆಯ ತರಬೇತಿಗಳಲ್ಲೂ ಅದನ್ನು ಕಲಿಸುತ್ತಾರೆ. ಇದಕ್ಕೆ ಲ್ಯಾಪ್‌ಟಾಪ್ ಬೇಡ, ರಂಗೋಲಿ ಪುಡಿ ಸಾಕು.

ಹನುಮಪ್ಪನ ಗುಡಿ ಮುಂದಿನ ಬಯಲನ್ನು ಗುಡಿಸಿ ಊರಿನ ನಕ್ಷೆ ಬರೆಯಿರಿ ಎಂದರೆ ಗಂಡಸರು ಮೊದಲು ಎಳೆಯುವುದು ಡಾಂಬರು ರಸ್ತೆ, ಗುಡಿ, ಪಂಚಾಯಿತಿ ಆಫೀಸು, ಚಹಾದಂಗಡಿ. ಹೆಂಗಸರಿಗೆ ಬೇರೆ ಜಾಗದಲ್ಲಿ ಬರೆಯಲು ಕೊಟ್ಟರೆ ನಕ್ಷೆಯೇ ಬದಲಾಗುತ್ತದೆ: ನೀರಿನ ಟಾಕಿ, ಹಿಟ್ಟಿನ ಗಿರಣಿ, ಅಂಗನವಾಡಿ, ಬಯಲಿಗೆ ಹೋಗುವ ಜಾಲಿಕಂಟಿಯ ಮರೆ, ಸಂಜೆ ಆರರ ನಂತರ ಹುಡುಗಿಯರು ಒಬ್ಬರೇ ನಡೆಯದ ತಿರುವು. ಎರಡೂ ನಕ್ಷೆಗಳಲ್ಲಿ ಬಿಟ್ಟುಹೋಗುವುದು ಊರಾಚೆಯ ತಾಂಡಾ ಮತ್ತು ಹೊಸ ಆಶ್ರಯ ಪ್ಲಾಟು. ಅಲ್ಲಿಯವರನ್ನು ಕರೆತಂದರೆ ಅವರು ಪುಡಿ ಹಿಡಿದು ಮೊದಲು ಬರೆಯುವುದೇ ತಮ್ಮ ಮನೆಗಳನ್ನು. ಹೈಮಾಸ್ಟ್ ದೀಪ ಎಲ್ಲಿ ನಿಲ್ಲಬೇಕು ಎಂಬುದಕ್ಕೆ ಈ ಮೂರೂ ನಕ್ಷೆಗಳನ್ನು ಒಟ್ಟಿಗೆ ನೋಡಿದ ಮೇಲೆ ಜಗಳವೇ ಉಳಿಯುವುದಿಲ್ಲ. ಅದು ಅಗಸಿ ಮುಂದೆ ಅಲ್ಲ, ಆ ತಿರುವಿನಲ್ಲಿ.

ಆಮೇಲೆ ಹನ್ನೆರಡು ಮನೆ ಎಳೆದು ಚೈತ್ರದಿಂದ ಫಾಲ್ಗುಣದವರೆಗೆ ತಿಂಗಳು ಗುರುತು ಹಾಕುತ್ತಾರೆ. ಕೂಲಿ ಸಿಗುವ ತಿಂಗಳಿಗೆ ಜೋಳದ ಕಾಳು, ಸಾಲ ಮಾಡುವ ತಿಂಗಳಿಗೆ ಹರಳು, ಜಡ್ಡು ಬರುವ ತಿಂಗಳಿಗೆ ಹುಣಸೆಬೀಜ. ಕಾಳು ಎಲ್ಲಿ ಗುಂಪಾಗುತ್ತದೆ, ಎಲ್ಲಿ ಖಾಲಿ ಬೀಳುತ್ತದೆ ಎಂದು ಓದು ಬಾರದವರಿಗೂ ಒಂದು ನೋಟಕ್ಕೆ ತಿಳಿಯುತ್ತದೆ. ಶ್ರಾವಣ, ಭಾದ್ರಪದದಲ್ಲಿ ಜ್ವರ, ಅದೇ ಹೊತ್ತಿಗೆ ಕೈ ಖಾಲಿ, ಅದೇ ಹೊತ್ತಿಗೆ ಸಾಲ. ಕಡಲೆ, ಬಿಳಿಜೋಳದ ಸುಗ್ಗಿ ಮುಗಿದ ಮೇಲೆ ಬೆಂಗಳೂರು, ಮಂಗಳೂರು, ಗೋವಾ ಕಡೆ ಗುಳೆ. ಅಪ್ಪ ಅವ್ವನ ಜೊತೆ ಹೋದ ಮಕ್ಕಳಿಗೆ ಪರೀಕ್ಷೆ ತಪ್ಪುತ್ತದೆ. ಪಂಚಾಯಿತಿಯವರಿಗೆ ಇದರಿಂದ ಎರಡು ಕೆಲಸ ಸ್ಪಷ್ಟವಾಗುತ್ತದೆ: ಉದ್ಯೋಗ ಖಾತರಿಯ ಕೆಲಸವನ್ನು ಯಾವ ತಿಂಗಳಲ್ಲಿ ಶುರು ಮಾಡಬೇಕು, ಗುಳೆ ಹೋದವರ ಮಕ್ಕಳು ಊರಲ್ಲೇ ಉಳಿದು ಓದಲು ಹಂಗಾಮಿ ವಸತಿಯನ್ನು ಯಾವಾಗ ತೆರೆಯಬೇಕು. ಎಪಿಎಲ್, ಬಿಪಿಎಲ್ ಅಂಕಿಸಂಖ್ಯೆ ಎಷ್ಟಿದ್ದರೂ ಈ ತಿಂಗಳ ಲೆಕ್ಕವನ್ನು ಕೊಡುವುದಿಲ್ಲ.

ಒಂದು ಎಚ್ಚರ. ಅತ್ತೆ ಎದುರು ಸೊಸೆ ಮಾತಾಡುವುದಿಲ್ಲ, ಗೌಡರ ಎದುರು ಕೇರಿಯವರು ಬಾಯಿ ಬಿಡುವುದಿಲ್ಲ. ಎಲ್ಲರನ್ನೂ ಒಂದೇ ಪೆಂಡಾಲಿನಲ್ಲಿ ಕೂರಿಸಿ ‘ಸಮುದಾಯದ ಅಭಿಪ್ರಾಯ’ ಎಂದು ಬರೆದುಕೊಂಡರೆ ಅದು ಮೈಕ್ ಹಿಡಿದವರ ಅಭಿಪ್ರಾಯ ಮಾತ್ರ. ಗುಂಪು ಬೇರೆಬೇರೆ ಇರಬೇಕು, ಹೊತ್ತು ಅವರದಾಗಿರಬೇಕು. ಮಕ್ಕಳನ್ನೂ ಬಿಡಬಾರದು. ಕುಂದಾಪುರ ಸೀಮೆಯಲ್ಲಿ 1990ರ ದಶಕದಲ್ಲಿ ಮಕ್ಕಳ ಪಂಚಾಯಿತಿಗಳು ಶುರುವಾದ ಮೇಲೆ ಈಗ ರಾಜ್ಯದ ಎಲ್ಲೆಡೆ ಮಕ್ಕಳ ಗ್ರಾಮ ಸಭೆ ನಡೆಯುತ್ತದೆ. ಅಲ್ಲಿ ಬಸ್ಸು ಎಷ್ಟು ಗಂಟೆಗೆ ಬರುವುದಿಲ್ಲ, ಶಾಲೆಯ ಯಾವ ಶೌಚಾಲಯಕ್ಕೆ ಬೀಗ ಹಾಕಿದೆ ಎಂದು ಮಕ್ಕಳು ಮುಲಾಜಿಲ್ಲದೆ ಹೇಳುತ್ತಾರೆ.

ಕಾನೂನು ಇದೆ, ಹೊತ್ತು ಸರಿ ಇಲ್ಲ

ಇದನ್ನೆಲ್ಲ ಮಾಡಲು ಹೊಸ ಕಾನೂನು ಬೇಕಿಲ್ಲ. ಸಂವಿಧಾನದ 73ನೇ ತಿದ್ದುಪಡಿ ಪಂಚಾಯಿತಿಗಳಿಗೆ ಯೋಜನೆ ಮಾಡುವ ಅಧಿಕಾರ ಕೊಟ್ಟಿದೆ. ಕರ್ನಾಟಕದ 1993ರ ಕಾಯ್ದೆ 2015ರ ತಿದ್ದುಪಡಿಯಲ್ಲಿ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮವಾಗಿ, ವಾರ್ಡ್ ಸಭೆಗೆ ಬಲ ತುಂಬಿತು. ವಾರ್ಡ್ ಸಭೆ ಆರು ತಿಂಗಳಿಗೊಮ್ಮೆಯಾದರೂ ಸೇರಬೇಕು. ಅಗತ್ಯಗಳನ್ನು ಅಲ್ಲಿ ಪಟ್ಟಿ ಮಾಡಿ, ಆದ್ಯತೆ ಹಾಕಿ, ಗ್ರಾಮ ಸಭೆಗೆ ಕಳಿಸಬೇಕು. ಬಂದವರಲ್ಲಿ ಶೇ 30ರಷ್ಟಾದರೂ ಮಹಿಳೆಯರಿರಬೇಕು. ‘ನಮ್ಮ ಗ್ರಾಮ ನಮ್ಮ ಯೋಜನೆ’ ಹೆಸರಿನಲ್ಲಿ ಪಂಚಾಯಿತಿಗಳು ತಮ್ಮ ಅಭಿವೃದ್ಧಿ ಯೋಜನೆ ಬರೆಯುತ್ತವೆ. ಸ್ವಸಹಾಯ ಸಂಘಗಳ ಸಂಜೀವಿನಿ ಒಕ್ಕೂಟದ ಮಹಿಳೆಯರು ಬಡತನ ನಿವಾರಣೆಯ ಯೋಜನೆಯನ್ನು ತಾವೇ ತಯಾರಿಸಿ ಪಂಚಾಯಿತಿಗೆ ಕೊಡುವ ವ್ಯವಸ್ಥೆಯೂ ಇದೆ. ಕಾಗದದ ಮೇಲೆ ಇಷ್ಟು ಚೆಂದದ ಏರ್ಪಾಡು ಇರುವ ರಾಜ್ಯಗಳು ಕಡಿಮೆ.

ಎಡವುವುದು ಎಲ್ಲಿ? ಮೊದಲನೆಯದು ಹೊತ್ತು. 2018ರಿಂದ ಜನರ ಯೋಜನೆಯ ಅಭಿಯಾನ ಪ್ರತಿ ವರ್ಷ ಅಕ್ಟೋಬರ್ 2ಕ್ಕೆ ಶುರುವಾಗುತ್ತದೆ. ಗಾಂಧಿ ಜಯಂತಿ ದಿಲ್ಲಿಗೆ ಒಳ್ಳೆಯ ದಿನ. ಯಲಬುರ್ಗಾದ ಎರೆ ಹೊಲದಲ್ಲಿ ಅದು ಹಿಂಗಾರಿ ಬಿತ್ತನೆಯ ಕಾಲ; ಹದ ತಪ್ಪಿದರೆ ವರ್ಷವೇ ತಪ್ಪಿತು. ಗಂಗಾವತಿಯಲ್ಲಿ ಅಭಿಯಾನ ಮುಗಿಯುವ ಹೊತ್ತಿಗೆ ಭತ್ತದ ಕಟಾವು. ಬೆಳಿಗ್ಗೆ ಹನ್ನೊಂದಕ್ಕೆ ಸಭೆ ಕರೆದರೆ ಬರುವವರು ಕೂಲಿ ಇಲ್ಲದವರಲ್ಲ, ಕೂಲಿಗೆ ಹೋಗಬೇಕಾಗಿಲ್ಲದವರು.

ಎರಡನೆಯದು ಕೋರಂ. ವಾರ್ಡ್ ಸಭೆಗೆ ಮತದಾರರಲ್ಲಿ ಹತ್ತನೇ ಒಂದು ಭಾಗ ಅಥವಾ 20 ಜನ, ಯಾವುದು ಕಡಿಮೆಯೋ ಅಷ್ಟು ಸಾಕು. ಇಪ್ಪತ್ತು ಸಹಿ ಹೊಂದಿಸುವುದು ಯಾವ ಸದಸ್ಯನಿಗೂ ಕಷ್ಟವಲ್ಲ. ಸಭೆ ಕಾನೂನಿನ ಕಣ್ಣಲ್ಲಿ ಸರಿಯಾಗಿಯೇ ನಡೆದಿರುತ್ತದೆ. ಕೇರಿಯ ಕಣ್ಣಲ್ಲಿ ನಡೆದೇ ಇರುವುದಿಲ್ಲ.

ಮೂರನೆಯದು ಹಣದ ಕಟ್ಟುಪಾಡು. 15ನೇ ಹಣಕಾಸು ಆಯೋಗ 2021-22ರಿಂದ 2025-26ರವರೆಗೆ ಕೊಟ್ಟ ಅನುದಾನದಲ್ಲಿ ಶೇ 60 ಕುಡಿಯುವ ನೀರು, ನೈರ್ಮಲ್ಯಕ್ಕೇ ಮೀಸಲಾಗಿತ್ತು. ಊರಿನ ಇಚ್ಛೆಗೆ ಬಿಟ್ಟದ್ದು ಶೇ 40. ನೀರು, ನೈರ್ಮಲ್ಯ ಬೇಡ ಎನ್ನುವವರು ಯಾರೂ ಇಲ್ಲ. ಆದರೆ ಊರಿನವರು ಮೊದಲ ಅಗತ್ಯವಾಗಿ ನರ್ಸಮ್ಮನನ್ನೋ ಗಣಿತದ ಮೇಷ್ಟ್ರನ್ನೋ ಕೇಳಿದರೆ, ಅದು ಪಂಚಾಯಿತಿಯ ಕೈಯಲ್ಲೇ ಇಲ್ಲ. ಅಂಥ ಬೇಡಿಕೆ ತಾಲೂಕು, ಜಿಲ್ಲಾ ಪಂಚಾಯಿತಿಗೆ, ಜಿಲ್ಲಾ ಯೋಜನಾ ಸಮಿತಿಗೆ ಏರಬೇಕು. ಸಂವಿಧಾನ ಹೇಳುವುದೂ ಅದನ್ನೇ. ನಮ್ಮಲ್ಲಿ ಅನುದಾನ ಮೇಲಿನಿಂದ ಕೆಳಗೆ ಇಳಿಯುವಷ್ಟು ಸಲೀಸಾಗಿ ಅಗತ್ಯ ಕೆಳಗಿನಿಂದ ಮೇಲೆ ಏರುವುದಿಲ್ಲ.

ನೀರಿನ ಘಟಕದ ಪಾಠ

ಫ್ಲೋರೈಡ್ ಊರುಗಳಿಗೆ ಪರಿಹಾರವೆಂದು ಕಳೆದ ಕೆಲವು ವರ್ಷಗಳಲ್ಲಿ ಬಂದದ್ದು ಶುದ್ಧ ಕುಡಿಯುವ ನೀರಿನ ಘಟಕ. ನಾಣ್ಯ ಹಾಕಿದರೆ ಕೊಡ ತುಂಬುವ ಆ ನೀಲಿ ಡಬ್ಬಿ ಬಹುತೇಕ ಎಲ್ಲ ಊರಲ್ಲೂ ಇದೆ. ಎಲ್ಲ ಊರಲ್ಲೂ ನೀರು ಬರುತ್ತದೆಯೇ ಎಂದು ಮಾತ್ರ ಕೇಳಬೇಡಿ. ಒಂದು ಕಡೆ ಫಿಲ್ಟರ್ ಬದಲಿಸಿಲ್ಲ, ಇನ್ನೊಂದು ಕಡೆ ಕರೆಂಟ್ ಬಿಲ್ ಯಾರದು ಎಂಬ ತಗಾದೆ, ಮತ್ತೊಂದು ಕಡೆ ಬೋರೇ ಬತ್ತಿದೆ. ‘ಘಟಕ ಬೇಕೇ?’ ಎಂಬ ಪ್ರಶ್ನೆಗೆ ಊರು ಹೌದು ಎಂದಿತು. ‘ಕೆಟ್ಟರೆ ರಿಪೇರಿ ಮಾಡುವವರು ಯಾರು, ದುಡ್ಡು ಎಲ್ಲಿಂದ, ದೂರದ ಪ್ಲಾಟಿನ ಮುದುಕಿ 20 ಲೀಟರ್ ಕ್ಯಾನ್ ಹೊತ್ತುಕೊಂಡು ಹೋಗುವುದು ಹೇಗೆ?’ ಎಂಬ ಪ್ರಶ್ನೆಗಳನ್ನು ಯಾರೂ ಕೇಳಲಿಲ್ಲ.

2019ರಲ್ಲಿ ಬಂದ ಜಲ ಜೀವನ್ ಮಿಷನ್, ನಮ್ಮಲ್ಲಿ ‘ಮನೆ ಮನೆಗೆ ಗಂಗೆ’, ಒಬ್ಬರಿಗೆ ದಿನಕ್ಕೆ 55 ಲೀಟರ್ ನೀರು ಎಂಬ ಗುರಿ ಇಟ್ಟುಕೊಂಡಿದೆ. ಅದಕ್ಕೂ ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿ ಇರಬೇಕು, ಅರ್ಧದಷ್ಟು ಮಹಿಳೆಯರಿರಬೇಕು, ಊರಿನ ಕ್ರಿಯಾಯೋಜನೆ ಇರಬೇಕು ಎಂದಿದೆ. ನಲ್ಲಿ ಕೂರಿಸಿದ ಮನೆಗಳನ್ನು ಎಣಿಸುವುದು ಸುಲಭ. ವಾರದಲ್ಲಿ ಎಷ್ಟು ದಿನ, ಎಷ್ಟು ಹೊತ್ತು, ಓಣಿಯ ಕೊನೆಯ ಮನೆಗೂ ನೀರು ಬಂತೇ ಎಂದು ಎಣಿಸುವುದೇ ಸಮೀಕ್ಷೆ. ಕಾಲುವೆಗೆ ಕೊನೆ ಭಾಗ ಇದ್ದಂತೆ ನಲ್ಲಿಗೂ ಇದೆ.

ಇರುವುದನ್ನೂ ಲೆಕ್ಕ ಹಾಕಿ

ಕೊರತೆಯನ್ನಷ್ಟೇ ಬರೆಯುವ ಸಮೀಕ್ಷೆ ಊರಿಗೆ ಬೇಡುವುದನ್ನು ಕಲಿಸುತ್ತದೆ. ಊರಿನಲ್ಲಿ ಏನಿದೆ ಎಂಬುದೂ ಪಟ್ಟಿಯಲ್ಲಿರಬೇಕು. ಕೊಪ್ಪಳದ ಹಿರೇಹಳ್ಳವನ್ನೇ ನೋಡಿ. ಜಾಲಿ, ಹೂಳು, ಕೊಳಚೆ ತುಂಬಿ ಸತ್ತಂತಿದ್ದ ಆ ಹಳ್ಳವನ್ನು 2019ರಲ್ಲಿ ಗವಿಮಠದ ಸ್ವಾಮೀಜಿಯವರೇ ಇಳಿದು ಸ್ವಚ್ಛ ಮಾಡಲು ನಿಂತಾಗ ಊರೂರೇ ಕೈಜೋಡಿಸಿ, 20 ಕಿಲೋಮೀಟರಿಗೂ ಹೆಚ್ಚು ಉದ್ದಕ್ಕೆ ಹರಿವು ತೆರೆದುಕೊಂಡಿತು. ಜೆಸಿಬಿಗೆ ಡೀಸೆಲ್ ಹಾಕಿಸಿದವರು, ರೊಟ್ಟಿ ಬುತ್ತಿ ತಂದವರು, ಟ್ರ್ಯಾಕ್ಟರ್ ಕೊಟ್ಟವರು, ಇವರು ಯಾವ ಸರ್ಕಾರಿ ನಮೂನೆಯಲ್ಲೂ ‘ಸಂಪನ್ಮೂಲ’ ಎಂದು ದಾಖಲಾಗಿರಲಿಲ್ಲ. ಕುಷ್ಟಗಿಯ ನಿಡಶೇಸಿ ಕೆರೆಯ ಹೂಳು ಎತ್ತಿದ್ದೂ ಜನರ ವಂತಿಗೆಯಿಂದಲೇ. ಯಲಬುರ್ಗಾದ ತಲ್ಲೂರು ಕೆರೆಗೆ 2017ರಲ್ಲಿ ನಟ ಯಶ್ ಅವರ ಯಶೋಮಾರ್ಗ ಪ್ರತಿಷ್ಠಾನ ನೆರವಾಯಿತು. ಒಣ ಸೀಮೆಯವರಿಗೆ ತಮ್ಮ ಮೊದಲ ಅಗತ್ಯ ಕೆರೆ ಎಂಬುದು ಗೊತ್ತಿತ್ತು. ಯಾರಾದರೂ ಮುಂದೆ ನಿಂತರೆ ಸೇರುವವರು ಎಷ್ಟು ಮಂದಿ ಎಂಬುದು ಮಾತ್ರ ಗೊತ್ತಿರಲಿಲ್ಲ.

ಆನೆಗೊಂದಿಯಲ್ಲಿ 1997ರಲ್ಲಿ ಶುರುವಾದ ಕಿಷ್ಕಿಂದಾ ಟ್ರಸ್ಟ್ ಕೂಡ ಇದೇ ದಾರಿ ಹಿಡಿಯಿತು. ಸುತ್ತಲೂ ಬಾಳೆ ತೋಟ, ಗೊನೆ ಕಡಿದ ಮೇಲೆ ಎಸೆಯುವ ದಿಂಡು, ಹೊಲದ ಕೂಲಿ ಬಿಟ್ಟರೆ ಬೇರೆ ಸಂಪಾದನೆ ಇಲ್ಲದ ಹೆಂಗಸರು. ಬಾಳೆ ನಾರಿನ ಬುಟ್ಟಿ, ಚೀಲ, ಟೋಪಿ ಮಾಡುವ ಕಸುಬು ಬೆಳೆದದ್ದು ಈ ಮೂರನ್ನು ಒಂದೇ ಸಾಲಿನಲ್ಲಿ ಇಟ್ಟು ನೋಡಿದ್ದರಿಂದ. ಕಿನ್ನಾಳದ ಗೊಂಬೆ, ದೋಟಿಹಾಳ, ಹನುಮಸಾಗರದ ಮಗ್ಗ, ಇವುಗಳನ್ನು ಕೊರತೆಯ ಪಟ್ಟಿಯ ಪಕ್ಕದಲ್ಲೇ ಇರುವ ಬಲದ ಪಟ್ಟಿಯಲ್ಲಿ ಬರೆದರೆ ನೇಕಾರನಿಗೆ ಬೇಕಾದದ್ದು ಮನೆಯೋ ಮಾರುಕಟ್ಟೆಯೋ ಎಂದು ಅವನೇ ಹೇಳುತ್ತಾನೆ.

ಆದರೆ ಇಲ್ಲೊಂದು ಅಪಾಯವೂ ಇದೆ. ಜನ ಕೈಜೋಡಿಸುತ್ತಾರೆ ಎಂದು ಸರ್ಕಾರ ಕೈತೊಳೆದುಕೊಳ್ಳುವಂತಿಲ್ಲ. ಹಳ್ಳದ ಹೂಳು ಎತ್ತಬಲ್ಲ ಊರು ಫ್ಲೋರೈಡ್ ಇಲ್ಲದ ನದಿ ನೀರನ್ನು ಪೈಪಿನಲ್ಲಿ ತರಲಾರದು, ಹೆರಿಗೆ ವೈದ್ಯರನ್ನು ನೇಮಿಸಲಾರದು. ಯಾವುದು ಊರಿನ ಹೊಣೆ, ಯಾವುದು ಪಂಚಾಯಿತಿಯದು, ಯಾವುದು ಇಲಾಖೆಯದು ಎಂದು ಗೆರೆ ಎಳೆದು ಹೇಳದ ಸಮೀಕ್ಷೆ ಅರ್ಧದ್ದು.

ಮುಂದಿನ ವಾರ್ಡ್ ಸಭೆಗೆ

ಕೇಳಿಕೊಂಡು ಹೋದವರು ಮರಳಿ ಬರುವುದಿಲ್ಲ ಎನ್ನುವುದೇ ನಮ್ಮ ಜನರ ದೊಡ್ಡ ದೂರು. ‘ಬರಕೊಂಡ್ ಹೋದ್ರು, ಮತ್ತ ಈ ಕಡೆ ಹಾಯಲಿಲ್ಲ’ ಎಂಬ ಮಾತು ಯಾವ ಕಟ್ಟೆಯ ಮೇಲೂ ಸಿಗುತ್ತದೆ. ಕೇಳಿದ್ದಕ್ಕೆ ಉತ್ತರ ಬಾರದಿದ್ದರೆ ಎರಡನೇ ಸಲ ಜನ ನಿಜ ಹೇಳುವುದಿಲ್ಲ. ಬಂದವರಿಗೆ ಏನು ಬೇಕೋ ಅದನ್ನು ಹೇಳಿ ಕಳಿಸುತ್ತಾರೆ. ಅಲ್ಲಿಗೆ ಸಿಸಿ ರಸ್ತೆಯ ಠರಾವು ಮರಳಿ ಬರುತ್ತದೆ.

ಆದ್ದರಿಂದ ಪಂಚಾಯಿತಿ ಸದಸ್ಯರಲ್ಲಿ, ಪಿಡಿಒಗಳಲ್ಲಿ, ಓದುಗರಲ್ಲಿ ಕೇಳುವುದು ಇಷ್ಟೇ. ಮುಂದಿನ ವಾರ್ಡ್ ಸಭೆಯನ್ನು ಸಂಜೆ ಕೂಲಿಯವರು ಮನೆಗೆ ಬಂದ ಮೇಲೆ ಕರೆಯಿರಿ. ಮಹಿಳೆಯರು, ತಾಂಡಾದವರು, ಆಶ್ರಯ ಪ್ಲಾಟಿನವರು ತಮ್ಮಷ್ಟಕ್ಕೆ ಬೇರೆಯಾಗಿ ಕೂತು ಮಾತಾಡಲಿ. ಕೆಲಸದ ಪಟ್ಟಿ ಬರೆಯುವ ಮೊದಲು ಮೂರೇ ಪ್ರಶ್ನೆ ಕೇಳಿ: ಕಳೆದ ವರ್ಷ ಈ ವಾರ್ಡಿನಲ್ಲಿ ಯಾರು ಚಿಕಿತ್ಸೆ ನಿಲ್ಲಿಸಿದರು, ಯಾವ ಮಗು ಶಾಲೆ ಬಿಟ್ಟಿತು, ಯಾವ ಮನೆ ಗುಳೆ ಹೋಯಿತು, ಮತ್ತು ಯಾಕೆ? ಬಂದ ಉತ್ತರವನ್ನು ಹೆಸರು ಮುಚ್ಚಿ, ಪಂಚಾಯಿತಿ ಗೋಡೆಯ ಮೇಲೆ ಬರೆಸಿ. ಪಕ್ಕದಲ್ಲಿ ಅದರ ಹೊಣೆ ಯಾವ ಇಲಾಖೆಯದು, ಯಾವ ತಿಂಗಳೊಳಗೆ ಆಗಬೇಕು ಎಂದು ಬರೆಸಿ. ಆರು ತಿಂಗಳ ನಂತರದ ಸಭೆ ಆ ಗೋಡೆಯ ಮುಂದೆಯೇ ಸೇರಲಿ.

ಇದಕ್ಕೆ ಬೇಕಾದ ಖರ್ಚು ಒಂದು ಡಬ್ಬಿ ಬಣ್ಣ. ಅಧಿಕಾರ ಕಾಯ್ದೆಯಲ್ಲಿ ಆಗಲೇ ಇದೆ.